ಒಂದು ಕಂಚಿನ ಹಿಂದೆ ಕೊಲೊನಿಚ್

2008ರ ಆಗಸ್ಟ್ 22. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇಬ್ಬರ ಕನೂ 1000 ಮೀಟರ್ ಫೈನಲ್. ಬೆಲಾರುಸ್‌ನ ಬಗ್ದಾನೊವಿಚ್ ಸಹೋದರರಿಗೆ ಚಿನ್ನ, ಜರ್ಮನಿಗೆ ಬೆಳ್ಳಿ, ಹಂಗೆರಿಗೆ ಕಂಚು. ಹಂಗೆರಿಯ ದೋಣಿಯಲ್ಲಿ ಗ್ಯೋರ್ಗಿ ಕೋಜ್ಮಾನ್ ಜೊತೆಗಿದ್ದವನು 21ರ ತಮಾಶ್ ಕಿಶ್. ಆ ಜಾಗಕ್ಕೆ ಅವನು ಬಂದು ಆರು ವಾರವೂ ತುಂಬಿರಲಿಲ್ಲ.

ಅದು ಗ್ಯೋರ್ಗಿ ಕೊಲೊನಿಚ್‌ನ ಜಾಗ. ಹಂಗೆರಿಯವರ ಪ್ರೀತಿಯ 'ಕೊಲೊ'.

ಸ್ಪ್ರಿಂಟ್ ಕನೂವಿನಲ್ಲಿ ಕೂರಲು ಆಸನವಿಲ್ಲ. ಒಂದು ಮಂಡಿ ಊರಿ, ಇನ್ನೊಂದು ಪಾದವನ್ನು ಮುಂದಿಟ್ಟು, ಒಂದೇ ಅಲಗಿನ ಹುಟ್ಟನ್ನು ಒಂದೇ ಬದಿಗೆ ಹಾಕಬೇಕು. ಕಯಾಕ್‌ಗಿರುವ ಚುಕ್ಕಾಣಿಯೂ ಇದಕ್ಕಿಲ್ಲ. ಒಬ್ಬನೇ ಇದ್ದರೆ ಪ್ರತಿ ಎಳೆತದ ಕೊನೆಗೂ ಹುಟ್ಟನ್ನು ತಿರುವಿ ದೋಣಿಯನ್ನು ದಾರಿಗೆ ತರಬೇಕು. ಇಬ್ಬರಿದ್ದರೆ ಒಬ್ಬ ಬಲಕ್ಕೆ, ಇನ್ನೊಬ್ಬ ಎಡಕ್ಕೆ. ಬಲ ಹೆಚ್ಚುಕಡಿಮೆಯಾದರೆ ದೋಣಿ ಓರೆ, ಲಯ ತಪ್ಪಿದರೆ ವೇಗ ಮಾಯ. ಒಳ್ಳೆಯ ಜೋಡಿ ಕುದುರಲು ವರ್ಷಗಳೇ ಬೇಕಾಗುವುದು ಇದಕ್ಕೇ.

ಹಂಗೆರಿಗೆ ಸಮುದ್ರವಿಲ್ಲ, ಡ್ಯಾನ್ಯೂಬ್ ಇದೆ. ಆ ನದಿಯ ದಡದ ಬುಡಾಪೆಸ್ಟ್‌ನಲ್ಲಿ 1972ರಲ್ಲಿ ಹುಟ್ಟಿದ ಕೊಲೊನಿಚ್, 1996ರ ಅಟ್ಲಾಂಟಾದಲ್ಲಿ ಚಾಬಾ ಹೋರ್ವಾತ್ ಜೊತೆ 500 ಮೀಟರ್ ಚಿನ್ನ, 1000 ಮೀಟರ್ ಕಂಚು ಗೆದ್ದ. ನಾಲ್ಕು ವರ್ಷದ ಬಳಿಕ ಸಿಡ್ನಿಯಲ್ಲಿ ಒಬ್ಬನೇ ಇಳಿದು, ರಷ್ಯಾದ ಒಪಾಲೆವ್ ಮತ್ತು ಜರ್ಮನಿಯ ಡಿಟ್ಮರ್ ಅವರನ್ನು ಹಿಂದೆ ಹಾಕಿ 500 ಮೀಟರ್ ಚಿನ್ನ ಪಡೆದ. ಜೋಡಿಯಲ್ಲಿ ಗೆದ್ದವನು ಒಂಟಿಯಾಗಿಯೂ ಜಗತ್ತನ್ನು ಸೋಲಿಸುವುದು ಅಪರೂಪ. ಅವನ ಗೆಲುವುಗಳಲ್ಲೆಲ್ಲ ದೊಡ್ಡದು ಇದೇ ಎನ್ನುವುದು ನನ್ನ ಅಭಿಪ್ರಾಯ. 2004ರ ಅಥೆನ್ಸ್‌ಗೆ ಬರುವಾಗ ಮತ್ತೆ ಜೋಡಿ. ತನಗಿಂತ ಆರು ವರ್ಷ ಕಿರಿಯನಾದ ಕೋಜ್ಮಾನ್ ಜೊತೆ 1000 ಮೀಟರ್ ಕಂಚು. ವಿಶ್ವ ಚಾಂಪಿಯನ್‌ಷಿಪ್ ಚಿನ್ನಗಳು ಒಟ್ಟು 15.

ಬೀಜಿಂಗ್ ಅವನ ಐದನೇ ಒಲಿಂಪಿಕ್ಸ್ ಆಗಬೇಕಿತ್ತು. ಜುಲೈ 15ರಂದು, ಉದ್ಘಾಟನೆಗೆ 24 ದಿನ ಇರುವಾಗ, ಬುಡಾಪೆಸ್ಟ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗಲೇ ಅವನ ಹೃದಯ ನಿಂತಿತು. ವಯಸ್ಸು 36.

ಕೋಜ್ಮಾನ್ ಮುಂದಿದ್ದದ್ದು ಕಷ್ಟದ ಆಯ್ಕೆ. ಹಿಂದೆ ಸರಿದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಹೊಸ ಹುಡುಗನೊಡನೆ ಮತ್ತೆ ನೀರಿಗಿಳಿದ. ವರ್ಷಗಳಲ್ಲಿ ಕೂಡಿಬರಬೇಕಾದ ಲಯವನ್ನು ಕೆಲವೇ ವಾರಗಳಲ್ಲಿ ಹಿಡಿದ ಈ ಜೋಡಿಯ ಕಂಚನ್ನು ನಾನು ಎಷ್ಟೋ ಚಿನ್ನಗಳಿಗಿಂತ ಮೇಲಿಡುತ್ತೇನೆ. ಅದೇ ದಿನ ಒಬ್ಬರ ಕನೂ 1000 ಮೀಟರ್‌ನಲ್ಲಿ ಅಟ್ಟಿಲಾ ವಾಯ್ದಾ ಗೆದ್ದದ್ದು ಆ ಕೂಟದಲ್ಲಿ ಹಂಗೆರಿಯ ಮೊದಲ ಚಿನ್ನ. ಅದನ್ನು ಅವನು ಅರ್ಪಿಸಿದ್ದು ಕೊಲೊನಿಚ್‌ಗೆ.

ಕೊಲೊ ಚಿನ್ನ ಗೆದ್ದ ಎರಡೂ 500 ಮೀಟರ್ ಸ್ಪರ್ಧೆಗಳು ಬೀಜಿಂಗ್ ನಂತರ ಪುರುಷರ ಒಲಿಂಪಿಕ್ಸ್ ಪಟ್ಟಿಯಿಂದ ಹೊರಬಿದ್ದವು. ಇಬ್ಬರದು ಮಾತ್ರ 2024ರ ಪ್ಯಾರಿಸ್‌ನಲ್ಲಿ ಮರಳಿತು. ಸಿಡ್ನಿಯ ಆ ಓಟದ ವಿಡಿಯೊ ಸಿಕ್ಕರೆ ದಯವಿಟ್ಟು ನೋಡಿ. ಎರಡೂವರೆ ನಿಮಿಷದೊಳಗೆ ಮುಗಿಯುತ್ತದೆ.