ಒಂದು ಸಾಲು, 61 ದಿನ

ಹಣಕೋಣದಿಂದ ಅಂಕೋಲೆಯವರೆಗೆ ಮೀನು ತಿನ್ನುವವರಿಗೆಲ್ಲ ಈ ಲೆಕ್ಕ ಗೊತ್ತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಡೇಟಾಬೇಸಿನಲ್ಲಿ ಈ ನಿಷೇಧಕ್ಕೆ ಒಂದೇ ಸಾಲು ಸಾಕು. ಆರಂಭದ ದಿನಾಂಕ, ಕೊನೆಯ ದಿನಾಂಕ. ದಿನವಾರು ವರದಿಗೆ ಮಾತ್ರ 61 ಸಾಲು ಬೇಕು. ಅವನ್ನು ಕೈಯಾರೆ ತುಂಬಿಡಬೇಡಿ, ಕ್ವೆರಿಯೇ ಹುಟ್ಟಿಸಲಿ. ಸರ್ಕಾರ ಅವಧಿ ಬದಲಿಸಿದರೆ ಆಗ ಒಂದೇ ದಿನಾಂಕ ತಿದ್ದಿದರಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಜನರೇಟ್ ಸೀರೀಸ್ ಫಂಕ್ಷನ್‌ಗೆ ಎರಡು ದಿನಾಂಕ ಮತ್ತು ‘1 ದಿನ’ ಎಂಬ ಹೆಜ್ಜೆ ಕೊಡಿ, ಮುಗಿಯಿತು. ಮೈಎಸ್‌ಕ್ಯೂಎಲ್ 8ರಲ್ಲಿ ರಿಕರ್ಸಿವ್ ಸಿಟಿಇ ಬರೆಯಬೇಕು: ಮೊದಲ ದಿನದಿಂದ ಹೊರಟು, ಕೊನೆಯ ದಿನ ಮುಟ್ಟುವವರೆಗೆ ಒಂದೊಂದೇ ದಿನ ಕೂಡಿಸುತ್ತದೆ. ಹಳೆಯ ಎಡವಟ್ಟೊಂದಿದೆ, ನೋಡಿ: ಜುಲೈ 31ರಿಂದ ಜೂನ್ 1 ಕಳೆದರೆ ಸಿಗುವುದು 60. ಎರಡೂ ತುದಿ ಎಣಿಸಿದರಷ್ಟೇ 61.

ಆಪ್‌ನ ಲೂಪಿನಲ್ಲೇ ಮಾಡಬಹುದಲ್ಲ ಎನ್ನುತ್ತೀರಾ? ಮಾಡಬಹುದು, ಆದರೆ ಲೆಕ್ಕ ಕೆಡುವುದು ಜಾಯಿನ್‌ನಲ್ಲಿ. ಬೈತಖೋಲ ಬಂದರಿಗೆ ಮೀನೇ ಬಾರದ ದಿನಕ್ಕೆ ಮೀನಿನ ಆವಕ ಬರೆದಿಡುವ ಟೇಬಲ್‌ನಲ್ಲಿ ಸಾಲೇ ಇರದು. ಇಲ್ಲದ ಸಾಲನ್ನು ಗ್ರೂಪ್ ಬೈ ತೋರಿಸದು, ದಿನದ ಸರಾಸರಿ ಸುಮ್ಮನೆ ಉಬ್ಬುತ್ತದೆ. ಹುಟ್ಟಿಸಿದ ದಿನಾಂಕಗಳನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಿ, ಖಾಲಿ ಜಾಗಕ್ಕೆ ಸೊನ್ನೆ ತುಂಬಿ. ನಿಷೇಧವೆಂದು ನೇರವಾಗಿ ಸೊನ್ನೆ ಬರೆದುಬಿಡಬೇಡಿ ಮತ್ತೆ. ನಾಡದೋಣಿಯ ಮೀನೂ ಬರುತ್ತದೆ. ಕಾಯಂ ಕ್ಯಾಲೆಂಡರ್ ಟೇಬಲ್ ಮೇಲು ಎಂಬ ವಾದವೂ ಇದೆ. ರಜೆ, ಹಬ್ಬಗಳನ್ನು ಗುರುತಿಸಬೇಕಿದ್ದರೆ ಒಪ್ಪುತ್ತೇನೆ. ಬರೀ ಅವಧಿ ಬಿಡಿಸಲು ಅದು ದಂಡ. ಮೈಎಸ್‌ಕ್ಯೂಎಲ್‌ನವರು ಇಷ್ಟು ನೆನಪಿಡಿ: ರಿಕರ್ಷನ್ ಮಿತಿ ಮೊದಲಿಗೆ 1000 ಇರುತ್ತದೆ, ಮೂರು ವರ್ಷದ ದಿನಾಂಕ ಕೇಳಿದರೆ ಕ್ವೆರಿ ಎರರ್ ಕೊಟ್ಟು ನಿಲ್ಲುತ್ತದೆ.