ಹೇಂಟೆ ಎಂದುಕೊಂಡದ್ದು ಹುಂಜವಾದರೆ?

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ್ದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಕೋಳಿ ಕೂಗಿದ್ದೇ ಪೇಚಾಗುವ ಮನೆಗಳೂ ಇವೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯಾವುದಾದರೊಂದು ಹಿತ್ತಲನ್ನು ಕಲ್ಪಿಸಿಕೊಳ್ಳಿ. ಮಕ್ಕಳಿಗೆ ಮೊಟ್ಟೆ ಸಿಗಲೆಂದು ಆರು ಮರಿ ತಂದು, ಬುಟ್ಟಿ ಮುಚ್ಚಿ, ಜೋಳದ ನುಚ್ಚು ಹಾಕಿ ಬೆಳೆಸಿದ್ದಾರೆ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ನಸುಕಿನಲ್ಲಿ ಮಗಳು ಓಡಿ ಬರುತ್ತಾಳೆ:

"ಅವ್ವಾ, ನಮ್ಮ ಕೆಂಚಿ ಕೂಗ್ಯಾಳ ನೋಡ!"

"ಹಂಗಾರ ಅಕಿ ಅಲ್ಲ ಬಿಡವಾ, ಅಂವ!"

ನಗು ಬರುವ ಮಾತೇ. ಆದರೆ ವಾರದೊಳಗೆ ಇನ್ನೆರಡು ಕೂಗಿದರೆ ನಗು ನಿಲ್ಲುತ್ತದೆ. ಮೊಟ್ಟೆ ಇಡದವಕ್ಕೆ ಎಷ್ಟು ದಿನ ಕಾಳು ಹಾಕುವುದು? ಪರೀಕ್ಷೆಗೆ ಓದುತ್ತಿರುವ ಪಕ್ಕದ ಮನೆಯ ಹುಡುಗನಿಗೆ ಏನು ಹೇಳುವುದು? ಎಲ್ಲಕ್ಕಿಂತ ಕಷ್ಟದ್ದು, ಕೆಂಚಿಯನ್ನು ಕೈಯಾರೆ ಸಾಕಿದ ಮಗಳಿಗೆ ಏನು ಹೇಳುವುದು?

ಆರು ನಾಣ್ಯಗಳ ಲೆಕ್ಕ

ಮರಿ ಮಾರಿದವನನ್ನು ಬೈಯುವ ಮೊದಲು ಸ್ವಲ್ಪ ತಾಳಿ. ಒಂದು ದಿನದ ಮರಿ ಗಂಡೋ ಹೆಣ್ಣೋ ಎಂಬುದು ಸಾಮಾನ್ಯವಾಗಿ ಬರಿಗಣ್ಣಿಗೆ ತಿಳಿಯದು. ಹಿಂಭಾಗದ ಸೂಕ್ಷ್ಮ ಗುರುತು ನೋಡಿ ಹೇಳುವ ವಿಧಾನವನ್ನು ಜಪಾನಿನ ವಿಜ್ಞಾನಿಗಳು 1920ರ ದಶಕದಲ್ಲಿ ಕಂಡುಕೊಂಡರು. ಅದಕ್ಕೆ ದೀರ್ಘ ತರಬೇತಿ ಬೇಕು. ಚೂಪು ಮೊಟ್ಟೆಯಿಂದ ಹುಂಜ, ದುಂಡು ಮೊಟ್ಟೆಯಿಂದ ಹೇಂಟೆ ಎಂಬ ಮಾತನ್ನು ನೆಚ್ಚುವಂತಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಜೀವಕೋಶದಿಂದ ತೀರ್ಮಾನವಾಗುತ್ತದೆ. ಕೋಳಿಗಳಲ್ಲಿ ಇದು ತಿರುವುಮುರುವು. ಹುಂಜದಲ್ಲಿರುವುದು ಎರಡು ಝಡ್ ವರ್ಣತಂತು. ಹೇಂಟೆಯಲ್ಲಿ ಒಂದು ಝಡ್, ಒಂದು ಡಬ್ಲ್ಯು. ಆದ್ದರಿಂದ ಮರಿಯ ಲಿಂಗ ತಾಯಿಯ ಅಂಡದಲ್ಲೇ ನಿರ್ಧಾರವಾಗಿರುತ್ತದೆ. ಅವಕಾಶ ಹೆಚ್ಚುಕಡಿಮೆ ಸಮಪಾಲು.

ವಿದ್ಯಾರ್ಥಿಗಳು ಆರು ನಾಣ್ಯ ಚಿಮ್ಮಿ ನೋಡಲಿ. ಆರೂ ಹೇಂಟೆಯಾಗುವ ಸಂಭವ 64ರಲ್ಲಿ ಒಂದೇ ಒಂದು. ನಾಲ್ಕು ಅಥವಾ ಹೆಚ್ಚು ಹುಂಜ ಬರುವ ಸಂಭವ 64ರಲ್ಲಿ 22, ಅಂದರೆ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು! ಜವಾರಿ ಕೋಳಿ 21 ದಿನ ಕಾವು ಕೂತು ಮಾಡಿದ ಮರಿಗಳಾಗಲಿ, ಬೆಂಗಳೂರಿನ ಹೆಬ್ಬಾಳದಿಂದ 1989ರಲ್ಲಿ ಬಿಡುಗಡೆಯಾದ ಗಿರಿರಾಜ ತಳಿಯವಾಗಲಿ, ಬೇರ್ಪಡಿಸದೆ ಕೊಂಡರೆ ಲೆಕ್ಕ ಇದೇ. ಬಣ್ಣ ಬಳಿದು ಬೀದಿಯಲ್ಲಿ ಮಾರುವ ಮರಿಗಳ ಕಥೆ ಬೇರೆ. ಮೊಟ್ಟೆ ತಳಿಯ ಗಂಡು ಮರಿಗಳು ಮರಿ ಕೇಂದ್ರಗಳಿಗೆ ಬೇಡವಾಗುವುದರಿಂದ ಅವುಗಳಲ್ಲಿ ಹೆಚ್ಚಿನವು ಹುಂಜಗಳೇ.

ಗುರುತು ಹಿಡಿಯುವುದು ಹೇಗೆ?

ಆರರಿಂದ ಎಂಟು ವಾರದಲ್ಲಿ ಗಂಡಿನ ಜುಟ್ಟು ದೊಡ್ಡದಾಗಿ ಕೆಂಪೇರತೊಡಗುತ್ತದೆ, ಕಾಲು ದಪ್ಪವಾಗುತ್ತವೆ. ಜುಟ್ಟನ್ನೊಂದೇ ನಂಬಿದರೆ ಮೋಸಹೋಗಬಹುದು. ಮೂರು-ನಾಲ್ಕು ತಿಂಗಳಿಗೆ ಕುತ್ತಿಗೆಯ ಮತ್ತು ಬಾಲದ ಬುಡದ ಗರಿಗಳನ್ನು ನೋಡಿ. ಉದ್ದವಾಗಿ, ಕಿರಿದಾಗಿ, ತುದಿ ಚೂಪಾಗಿದ್ದರೆ ಹುಂಜ; ತುದಿ ದುಂಡಾಗಿದ್ದರೆ ಹೇಂಟೆ. ಅಪರೂಪಕ್ಕೆ ಹೇಂಟೆಯೂ ಕೂಗುವುದುಂಟು. ಅದು ಅಪಶಕುನವಲ್ಲ, ಅಂಡಾಶಯ ಕೆಟ್ಟಾಗಲೂ ಹೀಗಾಗಬಹುದು.

ಮುಂದಿನ ದಾರಿ

ಮೊಟ್ಟೆ ತಿನ್ನುವುದಷ್ಟೇ ಉದ್ದೇಶವಾದರೆ ಹುಂಜ ಬೇಕಾಗಿಯೇ ಇಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಮರಿ ಮಾಡಿಸಬೇಕೆಂದರೆ ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎರಡು ಹೇಂಟೆಯ ನಡುವೆ ಮೂರು ಹುಂಜ ಬಿಟ್ಟರೆ ಹೇಂಟೆಗಳ ಬೆನ್ನಿನ ಗರಿ ಉದುರಿ ಗಾಯವಾಗುತ್ತದೆ; ಹುಂಜಗಳೂ ಕಾದಾಡುತ್ತವೆ. ಹೆಚ್ಚಿನವನ್ನು ತಡಮಾಡದೆ ಬೇರೆ ಗೂಡಿಗೆ ಹಾಕಿ.

ಬೇರೆ ಊರಿನ ಪರಿಚಯದವರೊಡನೆ ಹುಂಜ ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯ ಉಪಾಯ. ಒಂದೇ ತಾಯಿಯ ಮಕ್ಕಳು ಕೂಡುವುದು ತಪ್ಪಿ ಮುಂದಿನ ಮರಿಗಳು ಗಟ್ಟಿಯಾಗುತ್ತವೆ. ಹೊಸದಾಗಿ ಬಂದದ್ದನ್ನು ಎರಡು-ಮೂರು ವಾರ ದೂರವಿಡಿ. ರಾಣಿಖೇತ್ ರೋಗ ಇಡೀ ಹಿಂಡನ್ನೇ ಒಯ್ಯಬಲ್ಲದು. ಮಾರುವುದು, ಮಾಂಸಕ್ಕೆ ಬಳಸುವುದು ಮನೆಮನೆಯ ರೂಢಿಗೆ ಬಿಟ್ಟದ್ದು. ಆದರೆ ಕಾಳಗಕ್ಕೆ ಹುಂಜ ಕೇಳಿ ಬಂದವರಿಗೆ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಕೂಗನ್ನು ಪೂರ್ತಿ ನಿಲ್ಲಿಸಲಾಗದು. ಹುಂಜದ ಒಡಲೊಳಗೇ ಗಡಿಯಾರವಿದೆಯೆಂದು, ಸದಾ ಮಬ್ಬು ಬೆಳಕಿನಲ್ಲಿಟ್ಟರೂ ಬೆಳಗನ್ನು ಅರಿತು ಕೂಗುತ್ತದೆಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು. ಗೂಡನ್ನು ನೆರೆಯವರ ಕಿಟಕಿಯಿಂದ ದೂರವಿಡುವುದು, ಒಂದೇ ಹುಂಜ ಇಟ್ಟುಕೊಳ್ಳುವುದು - ಇಷ್ಟು ನಮ್ಮ ಕೈಲಿದೆ.

ಇನ್ನು ಮಗಳ ಪ್ರಶ್ನೆ. ಅವಳು ಶಾಲೆಗೆ ಹೋದಾಗ ಕೆಂಚಿಯನ್ನು ಸಾಗಿಸಿ, "ಬೆಕ್ಕು ಒಯ್ತು" ಎಂದು ಹೇಳುವ ಹಿರಿಯರಿದ್ದಾರೆ. ಮಗುವಿಗೆ ಸುಳ್ಳು ಇಂದಲ್ಲ ನಾಳೆ ತಿಳಿಯುತ್ತದೆ. ಆಗ ಅದು ಕಳೆದುಕೊಳ್ಳುವುದು ಕೋಳಿಯನ್ನಷ್ಟೇ ಅಲ್ಲ, ನಿಮ್ಮ ಮಾತಿನ ಮೇಲಿನ ನಂಬಿಕೆಯನ್ನೂ.

ಆದ್ದರಿಂದ ಮರಿ ತಂದ ದಿನವೇ ಮಕ್ಕಳನ್ನು ಕೂಡಿಸಿಕೊಂಡು ನಾಣ್ಯ ಚಿಮ್ಮಿಸಿ. ಅರ್ಧ ಹುಂಜ ಬರಬಹುದು, ಒಂದನ್ನು ಇಟ್ಟುಕೊಳ್ಳೋಣ, ಉಳಿದವನ್ನು ಹೀಗೆ ಮಾಡೋಣ ಎಂದು ಆಗಲೇ ಹೇಳಿ. ಇಟ್ಟುಕೊಳ್ಳುವ ಹುಂಜ ಯಾವುದೆಂದು ಮಕ್ಕಳೇ ಆರಿಸಲಿ. ಆಗ ನಸುಕಿನ ಆ ಮೊದಲ ಕೂಗು ಯಾರಿಗೂ ಪೇಚಾಗದು.