ಅಂತರ್ಜಾಲದಲ್ಲಿ ಸಂಖ್ಯಾಶಾಸ್ತ್ರದ ಪ್ರಥಮ ಪಾಠ

ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರದ ಪ್ರಥಮ ಪಾಠಗಳು ಇಂದು ಅಂತರ್ಜಾಲದಲ್ಲಿಯೂ ದೊರೆಯುತ್ತವೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ವ್ಯವಸ್ಥೆಯಲ್ಲಿ ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರವನ್ನು ಬಯಸುವವರು ಮಾತ್ರ ಶುಲ್ಕ ತೆತ್ತು ಪರೀಕ್ಷೆಗೆ ಕುಳಿತುಕೊಳ್ಳಬೇಕು. ಇಂಥ ಪಾಠಗಳಲ್ಲಿ ವಾರವಾರದ ಅಭ್ಯಾಸವನ್ನು ಬಹುಮಟ್ಟಿಗೆ ಯಂತ್ರವೇ ಪರಿಶೀಲಿಸುತ್ತದೆ. ಉತ್ತರವು ಸರಿಯೇ ಎಂಬುದನ್ನು ಅದು ಹೇಳಬಲ್ಲದು. ಆ ಅಳತೆಯು ಆ ಸಂದರ್ಭಕ್ಕೆ ಯೋಗ್ಯವೇ ಎಂಬುದನ್ನು ವಿದ್ಯಾರ್ಥಿಯೇ ವಿಚಾರಿಸಬೇಕು.

ಮಳೆಯ ಲೆಕ್ಕವನ್ನೇ ನೋಡೋಣ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿ, ಕೊಪ್ಪಗಳು ಮಲೆನಾಡು. ಕಡೂರು ಮಳೆ ಕಡಮೆಯಾದ ಬಯಲುಸೀಮೆ. ಐದು ಸ್ಥಳಗಳ ವಾರ್ಷಿಕ ಮಳೆಯು ಕ್ರಮವಾಗಿ 500, 600, 700, 1200, 3500 ಮಿಲಿಮೀಟರ್ ಎಂದು ಕಲ್ಪಿಸಿಕೊಳ್ಳೋಣ. ಇವುಗಳ ಸರಾಸರಿ 1300. ನಡುವೆ ನಿಲ್ಲುವ ಸಂಖ್ಯೆ, ಎಂದರೆ ಮಧ್ಯಾಂಕ, 700. ಐದರಲ್ಲಿ ನಾಲ್ಕು ಸ್ಥಳಗಳು ಸರಾಸರಿಗಿಂತ ಕೆಳಗಿವೆ. ಎರಡು ಲೆಕ್ಕಗಳೂ ಸರಿಯೇ. ಆದರೆ ಸರಾಸರಿಯೊಂದನ್ನೇ ನಂಬಿ ಬರವನ್ನು ನಿರ್ಣಯಿಸಿದರೆ ಬಯಲಿನ ರೈತನ ಸಂಕಷ್ಟವು ಮಲೆನಾಡಿನ ಮಳೆಯಲ್ಲಿ ಮರೆಯಾಗುತ್ತದೆ. ನಮ್ಮ ರಾಜ್ಯದಲ್ಲಿ ಬರವನ್ನು ತಾಲ್ಲೂಕುವಾರು ಘೋಷಿಸುವುದರ ಔಚಿತ್ಯ ಇದರಿಂದ ವೇದ್ಯವಾಗುತ್ತದೆ. ತಾಲ್ಲೂಕಿನೊಳಗೂ ವ್ಯತ್ಯಾಸ ಉಂಟು: ತರೀಕೆರೆಯ ಸೀಮೆಯಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟವೂ ಇದೆ, ಬಯಲೂ ಇದೆ.

ಆದುದರಿಂದ ಅಧ್ಯಾಪಕರಲ್ಲಿ ನಮ್ಮ ಸೂಚನೆಯಿಷ್ಟು. ಅಂತರ್ಜಾಲದ ಪಾಠವನ್ನು ಕೇಳಿದ ವಿದ್ಯಾರ್ಥಿಯು ತನ್ನ ಹೋಬಳಿಯ ಮಳೆಯ ಅಂಕಿಗಳನ್ನು ಸಂಗ್ರಹಿಸಲಿ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆಗಳನ್ನು ಕಂಡುಹಿಡಿಯಲಿ. ಯಾವುದು ಏನನ್ನು ತಿಳಿಸುತ್ತದೆ, ಏನನ್ನು ಮುಚ್ಚುತ್ತದೆ ಎಂಬುದನ್ನು ತನ್ನ ಮಾತಿನಲ್ಲಿ ಬರೆಯಲಿ. ಆ ಬರಹವನ್ನು ತಿದ್ದುವ ಕೆಲಸ ಅಧ್ಯಾಪಕರದು.